ತುಂಗಕ್ಕನ ಹಾಳೆಯ ಉಳಿಕೆ

ನಾನು ನಡುಬೆಂಚಿನವಳು. ನಮ್ಮೂರಿನಲ್ಲಿ ಅಷ್ಟು ಹೇಳಿದರೆ ಸಾಕು, ಯಾರ ಮನೆಗೆ ಹೋದರೂ ಕುರ್ಚಿ ಎಳೆದು ಕೂರಿಸುತ್ತಾರೆ, ಕಾಫಿಗೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕುತ್ತಾರೆ. ಒಳಗೊಳಗೇ ಹೆದರುತ್ತಾರೆ ಎಂಬುದೂ ಗೊತ್ತು. ಹೆದರುವಂಥದ್ದೇನೂ ಇಲ್ಲ. ನಾನು ಹೇಳುವುದು ಒಂದೇ ಒಂದು ಸಂಖ್ಯೆ, ಅದರ ಅರ್ಥ ನನಗೂ ಗೊತ್ತಿಲ್ಲ.

ಸಾಲುಮನೆ ಇರುವುದು ಪೇಟೆ ಸಂಘದ ಕಟ್ಟಡದ ಹಿಂದೆ. ಮೂರು ತಿಂಗಳಿಗೊಮ್ಮೆ ಊರಿನ ಪ್ರತಿಯೊಂದು ಮನೆಯ ಹಾಳೆಯೂ ಅಲ್ಲಿಗೆ ಬರುತ್ತದೆ. ಹಾಳೆಯ ಮೇಲೆ ಹೆಸರಿರುವುದಿಲ್ಲ, ಯಾರ ಮನೆಯದೆಂದು ಮೇಲ್ವಿಚಾರಕರಿಗಷ್ಟೇ ಗೊತ್ತು. ಇರುವುದು ಅರವತ್ತು ಕಲಂ: ಕಳೆದ ಒಂದು ವರ್ಷದಲ್ಲಿ ಆ ಮನೆಯವರು ಎಷ್ಟು ಅಕ್ಕಿ ಕೊಂಡರು, ಎಷ್ಟು ಸೋಪು, ಯಾವ ಅಳತೆಯ ಚಪ್ಪಲಿ, ಬೆಳಿಗ್ಗೆ ಕೊಂಡರೋ ಸಂಜೆಯೋ, ಚೌಕಾಸಿ ಮಾಡಿದರೋ ಇಲ್ಲವೋ. ಮೊದಲ ಬೆಂಚಿನ ಹನ್ನೆರಡು ಜನ ಅದನ್ನು ಓದಿ ತಮಗೆ ತೋಚಿದ ಒಂದೊಂದು ಸಂಖ್ಯೆಯನ್ನು ಎರಡನೆಯ ಬೆಂಚಿನ ಐವರ ಕಿವಿಯಲ್ಲಿ ಹೇಳುತ್ತಾರೆ. ಆ ಐವರು ಕೇಳಿದ್ದನ್ನು ಕೂಡಿ ಕಳೆದು ನಮ್ಮ ಕಿವಿಗೆ ಹಾಕುತ್ತಾರೆ. ನಡುಬೆಂಚಿನಲ್ಲಿ ಇಬ್ಬರೇ, ನಾನು ಮತ್ತು ಖಾದರ್ ಸಾಬರು. ನಾವು ಒಂದೊಂದು ಸಂಖ್ಯೆಯನ್ನು ಗಟ್ಟಿಯಾಗಿ ಹೇಳುತ್ತೇವೆ. ನಮ್ಮಾಚೆ ಒಂದು ಪರದೆ, ಅದರಾಚೆ ಮತ್ತೆ ಐವರು, ಅವರಾಚೆ ಮತ್ತೆ ಹನ್ನೆರಡು ಜನ. ಅವರ್ಯಾರೂ ಹಾಳೆಯನ್ನು ಕಂಡವರಲ್ಲ. ನಮ್ಮ ಎರಡು ಸಂಖ್ಯೆಯನ್ನು ಮಾತ್ರ ಹಿಡಿದುಕೊಂಡು ಅರವತ್ತು ಕಲಮನ್ನೂ ಅವರು ಮತ್ತೆ ಬರೆದು ತೋರಿಸಬೇಕು.

ಮೇಲ್ವಿಚಾರಕರಾದ ಸೀತಾಪತಿ ರಾಯರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ತಾಳೆಯಾಗದೆ ಹೋದದ್ದಕ್ಕೆ ಉಳಿಕೆ ಎಂದು ಹೆಸರು. ಉಳಿಕೆ ಜಾಸ್ತಿಯಾದರೆ ಅದನ್ನು ಗಟ್ಟಿಯಾಗಿ ಓದುತ್ತಾರೆ, ಬೈಗುಳ ಶುರುವಾಗುತ್ತದೆ. ಬೈಗುಳ ಕೊನೆಯ ಬೆಂಚಿನಿಂದ ಹೊರಟು ಹಿಂದಕ್ಕೆ ಬರುತ್ತದೆ. ಒಬ್ಬೊಬ್ಬರೂ ತಮಗೆ ಸಂಖ್ಯೆ ಹೇಳಿದವರ ಕಡೆ ತಿರುಗಿ ಅವರವರ ಪಾಲಿನಷ್ಟು ಬೈಯುತ್ತಾರೆ. ಬರೀ ಬೈದು ಬಿಡುವುದಿಲ್ಲ. ಪ್ರತಿಯೊಬ್ಬರ ಮುಂದೂ ಹುಣಸೆಬೀಜದ ಗುಡ್ಡೆಗಳಿವೆ, ತಮಗೆ ಹೇಳುವ ಒಬ್ಬೊಬ್ಬರಿಗೂ ಒಂದೊಂದು ಗುಡ್ಡೆ. ಯಾರ ಗುಡ್ಡೆಯಲ್ಲಿ ಬೀಜ ಹೆಚ್ಚೋ ಅವರ ಮಾತಿಗೆ ಬೆಲೆ ಹೆಚ್ಚು. ಬೈದಾದ ಮೇಲೆ ಒಂದು ಬೀಜ ತೆಗೆಯುವುದೋ, ಒಂದು ಹಾಕುವುದೋ ಮಾಡುತ್ತಾರೆ. ಹೀಗೆ ಬೈಸಿಕೊಂಡು ಬೈಸಿಕೊಂಡೇ ನಾವು ಕೆಲಸ ಕಲಿತದ್ದು. ನಾನು ಈ ಬೆಂಚಿಗೆ ಬಂದ ಮೊದಲ ವರ್ಷ ದಿನಾ ಅತ್ತುಕೊಂಡು ಮನೆಗೆ ಹೋಗುತ್ತಿದ್ದೆ. ಈಗ ಮಜ್ಜಿಗೆ ಕುಡಿದಷ್ಟು ಸಲೀಸಾಗಿ ಬೈಸಿಕೊಳ್ಳುತ್ತೇನೆ.

ಎರಡು ಸಂಖ್ಯೆ ಸಿಕ್ಕರೆ ಮನೆಗೆ ಗೋಡೆಯ ಪಟದಲ್ಲಿ ಒಂದು ಜಾಗ ಸಿಕ್ಕಿತೆಂದೇ ಲೆಕ್ಕ. ನನ್ನ ಸಂಖ್ಯೆ ಅಡ್ಡಕ್ಕೆ, ಸಾಬರದು ಉದ್ದಕ್ಕೆ, ಕೂಡುವಲ್ಲಿ ಒಂದು ಮೊಳೆ. ಹತ್ತಿರ ಹತ್ತಿರ ಬಿದ್ದ ಮೊಳೆಗಳಿಗೆಲ್ಲ ದಾರ ಸುತ್ತಿ ಒಂದು ಗುಂಪು ಮಾಡುತ್ತಾರೆ. ಆರು ಗುಂಪು, ಆರು ಬಣ್ಣ. ಆಮೇಲೆ ಬಾಗಿಲಿಗೆ ಆ ಬಣ್ಣ ಬಳಿಯುತ್ತಾರೆ. ಬಳಿಯುವವರು ಬೇರೆ ಯಾರೂ ಅಲ್ಲ, ನನ್ನ ಗಂಡ ಮರಿಸ್ವಾಮಿ. ನಮ್ಮೂರಿನಲ್ಲಿ ಅಂಗಡಿಗೆ ಹೋಗುವ ಪದ್ಧತಿಯಿಲ್ಲ, ಗಾಡಿಗಳೇ ಬರುತ್ತವೆ, ತಮ್ಮ ಬಣ್ಣದ ಬಾಗಿಲಿಗೆ ಮಾತ್ರ ನಿಲ್ಲುತ್ತವೆ. ಪಟದ ನಟ್ಟನಡುವೆ, ಯಾವ ಗುಂಪಿಗೂ ಸೇರದೆ ಬಿದ್ದ ನಾಲ್ಕೈದು ಮನೆಗಳಿಗೆ ಬಿಳಿ ಬಣ್ಣ. ಬಿಳಿ ಬಾಗಿಲಿಗೆ ಎಲ್ಲ ಗಾಡಿಗಳೂ ನಿಲ್ಲುತ್ತವೆ. ಬಣ್ಣವೇ ಇಲ್ಲದ ಬಾಗಿಲಿಗೆ ಯಾವ ಗಾಡಿಯೂ ನಿಲ್ಲುವುದಿಲ್ಲ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಹೆಣ್ಣು ನೋಡಲು ಹೋದವರು ಮೊದಲು ಬಾಗಿಲು ನೋಡುತ್ತಾರೆ. ಏನಾದರೂ ಕೊಳ್ಳುವ ಮೊದಲು ಎರಡು ಸಲ ಯೋಚಿಸುತ್ತಾರೆ. ಮೇಷ್ಟರೊಬ್ಬರು ಮೊಣಕಾಲು ನೋವಿಗೆಂದು ಒಂದು ಡಬ್ಬಿ ಮುಲಾಮು ಕೊಂಡರು. ಮುಂದಿನ ಮೂರು ತಿಂಗಳು ಊರುಗೋಲಿನ ಗಾಡಿ ಅವರ ಮನೆ ಮುಂದೆ ದಿನಾ ನಿಂತು, "ಮೇಷ್ಟ್ರೇ, ಬೆತ್ತದ್ದು ಬಂದಿದೆ" ಎಂದು ಕೂಗಿ ಅವರ ಮಾನ ತೆಗೆಯಿತು.

ನಮ್ಮ ಮನೆಯ ಕಥೆಯನ್ನೂ ಹೇಳಿಬಿಡುತ್ತೇನೆ. ನಮಗೆ ವಾರಿಜ ಎಂಬ ಮಗಳಿದ್ದಳು. ವರ್ಷ ತುಂಬುವ ಮೊದಲೇ ಜ್ವರ ಬಂದು ನಾಲ್ಕೇ ದಿನಕ್ಕೆ ಹೋಗಿಬಿಟ್ಟಳು. ಆದರೆ ಹಾಳೆಗೆ ಅದು ಗೊತ್ತಾಗಬೇಕಲ್ಲ. ಹಾಳೆಯಲ್ಲಿ ಹಿಂದಿನ ಒಂದು ವರ್ಷದ ಹಾಲಿನಪುಡಿ, ಕುಲಾವಿ, ಗಿಲಕಿ ಎಲ್ಲ ಹಾಗೇ ಇದ್ದವು. ಆರು ತಿಂಗಳು ಮಕ್ಕಳ ಗಾಡಿ ನಮ್ಮ ಬಾಗಿಲಿಗೆ ಬಂದು ಗಂಟೆ ಬಾರಿಸಿತು. ನಾನು ಒಳಗೆ ಕಿವಿ ಮುಚ್ಚಿಕೊಂಡು ಕೂರುತ್ತಿದ್ದೆ, ಇವರು ಹಿತ್ತಲಿಗೆ ಹೋಗಿ ಬಣ್ಣದ ಡಬ್ಬಿಗಳನ್ನು ಸುಮ್ಮನೆ ತೊಳೆಯುತ್ತಿದ್ದರು. ಆಮೇಲೆ ನಮ್ಮ ಮೊಳೆ ಸರಿಯಿತು, ಬಾಗಿಲಿಗೆ ಕಂದು ಬಣ್ಣ ಬಂತು, ಗಾಡಿ ನಿಂತಿತು. ನಾವಿಬ್ಬರೂ ವಾರಿಜಳ ಹೆಸರೆತ್ತುವುದನ್ನೂ ನಿಲ್ಲಿಸಿದೆವು. ಅಷ್ಟೇ ಅಲ್ಲ, ಜಗಳ ಕೂಡ ನಿಂತಿತು. ಊಟಕ್ಕೆ ಬಡಿಸಲೇ, ಬಡಿಸು; ಉಪ್ಪು ಸರಿಯಿದೆಯೇ, ಸರಿಯಿದೆ. ನೆಂಟರಿಷ್ಟರ ಮನೆಯಲ್ಲಿ ಇಳಿದುಕೊಂಡವರ ಹಾಗೆ ಮರ್ಯಾದೆಯಿಂದ ಏಳು ವರ್ಷ ಬಾಳಿದೆವು.

ಆ ಏಳು ವರ್ಷವೂ ನಾನು ಅವಳ ಹುಟ್ಟಿದ ತಿಂಗಳಿಗೆ ಒಂದು ಫ್ರಾಕು ಕೊಂಡಿದ್ದೇನೆ. ಬದುಕಿದ್ದರೆ ಎಷ್ಟು ಬೆಳೆದಿರುತ್ತಿದ್ದಳೋ ಆ ಅಳತೆಯದು. ಅದನ್ನು ನನ್ನ ಹಾಳೆಗೆ ಬರೆಸಿದರೆ ಗಾಡಿ ಮತ್ತೆ ಬರುತ್ತಿತ್ತು, ಮತ್ತೆ ಗಂಟೆ, ಮತ್ತೆ ಇವರು ಹಿತ್ತಲಿಗೆ ಹೋಗುವುದು. ಅದಕ್ಕೇ ತುಂಗಕ್ಕನ ಕೈಯಲ್ಲಿ ಕೊಳ್ಳಿಸುತ್ತಿದ್ದೆ.

ತುಂಗಕ್ಕ ದರ್ಜಿಗಳಿಗೆ ಕಾಜಾ ಹೊಲಿದು ಗುಂಡಿ ಹಾಕಿಕೊಡುವವಳು. ಒಂಟಿ ಜೀವ, ಐವತ್ತರ ಮೇಲೆ ವಯಸ್ಸು, ಬಿಳಿ ಬಾಗಿಲು. ತಮ್ಮ ಹಾಳೆಯಲ್ಲಿ ಕಾಣಬಾರದ್ದನ್ನು ಊರವರು ಅವಳ ಹತ್ತಿರ ಹೇಳಿ ಕೊಳ್ಳಿಸುತ್ತಿದ್ದರು. ಏಕೆ, ಯಾರಿಗೆ ಎಂದು ಅವಳು ಕೇಳುತ್ತಿರಲಿಲ್ಲ. ಫ್ರಾಕು ಬಂದಾಗ ನಾನು ಅವಳ ಮನೆಗೆ ಹೋಗಿ ಅದನ್ನು ಮಡಿಲಲ್ಲಿ ಹಾಕಿಕೊಂಡು ಸ್ವಲ್ಪ ಹೊತ್ತು ಕೂರುತ್ತಿದ್ದೆ. ಅವಳು ಕಾಜಾ ಹೊಲಿಯುತ್ತ ಬೇರೆಲ್ಲೋ ನೋಡುತ್ತಿದ್ದಳು. ಏಳುವಾಗ, "ಯಾರಾದ್ರೂ ಮಗೂಗೆ ಕೊಟ್ಬಿಡಿ ತುಂಗಕ್ಕ" ಎನ್ನುತ್ತಿದ್ದೆ. "ಕೊಡ್ತೀನಿ ಬಿಡವ್ವ" ಎನ್ನುತ್ತಿದ್ದಳು. ಅಷ್ಟೇ ನಮ್ಮ ಮಾತು.

ಹೋದ ವರ್ಷ ಸಂಘದವರು ಒಂದು ಹೊಸ ನಿಯಮ ತಂದರು. ಯಾವ ಹಾಳೆಯ ಉಳಿಕೆ ಮೂರು ಓದಿನಲ್ಲೂ ಮಿತಿ ಮೀರುತ್ತದೋ ಆ ಮನೆಯ ಮೊಳೆ ಕಿತ್ತು ಬಾಗಿಲಿನ ಬಣ್ಣ ಕೆರೆಸಬೇಕು. ನಿಯಮ ಮಾಡುವ ಮೊದಲೇ ಎಮ್ಮೆಕೊಟ್ಟಿಗೆ ಬೀದಿಯ ಒಬ್ಬ ಪಿಟೀಲು ರಿಪೇರಿಯವನ ಬಾಗಿಲನ್ನು ಹೀಗೆ ಕೆರೆಸಿ ನೋಡಿದ್ದರು. ಬೇರೆಯವರ ಮನೆಯಿಂದ ಉಪ್ಪು, ಎಣ್ಣೆ ತಂದುಕೊಂಡು ಎರಡು ತಿಂಗಳು ಇದ್ದ. ಆಮೇಲೆ ಒಂದು ಟ್ರಂಕು ಹೊತ್ತುಕೊಂಡು ಊರು ಬಿಟ್ಟ.

ಹೊಸ ನಿಯಮದ ಮೊದಲ ಓದಿನಲ್ಲೇ ಒಂದು ಹಾಳೆ ನಮ್ಮನ್ನು ಸುಸ್ತು ಮಾಡಿತು. ಇಷ್ಟು ದಿನ ಮೊತ್ತ ಮಾತ್ರ ಓದುತ್ತಿದ್ದ ರಾಯರು ಈಗ ಉಳಿಕೆಯ ಒಂದೊಂದು ಕಲಮನ್ನೂ ಓದಿದರು. "ಜಿಲೇಬಿ, ನೀವು ಬರೆದದ್ದು ಸೊನ್ನೆ, ಇರೋದು ವಾರಕ್ಕೆ ಅರ್ಧ ಕೆಜಿ. ತಲೆಗೆ ಹಚ್ಚೋ ಕಪ್ಪು ಬಣ್ಣ, ಬರೆದದ್ದು ಸೊನ್ನೆ, ಇರೋದು ಹನ್ನೆರಡು ಡಬ್ಬಿ. ಕುಸ್ತಿ ಲಂಗೋಟಿ, ಒಂದು. ಗೆಜ್ಜೆ, ದೊಡ್ಡವರ ಅಳತೆ, ಒಂದು ಜೊತೆ. ಹೆಣ್ಣುಮಗೂನ ಫ್ರಾಕು, ಏಳು ವರ್ಷದ್ದು, ಎರಡು. ಇದೇನ್ರೀ ಇದು, ಮನೆಯೋ ಸಂತೆಯೋ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಪಕ್ಕದಲ್ಲಿ ಖಾದರ್ ಸಾಬರೂ ನಗಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಮೆಲ್ಲಗೆ, "ಇಂದಮ್ಮ, ಆ ಜಿಲೇಬಿ ನಂದು" ಎಂದರು. "ಸಕ್ಕರೆ ಕಾಯಿಲೆ ಅಂತ ಹೆಣ್ಣುಮಕ್ಕಳು ಮನೇಲಿ ಬೆಲ್ಲದ ಡಬ್ಬಿಗೂ ಬೀಗ ಹಾಕಿದಾರೆ. ತುಂಗಮ್ಮನ ಮನೇಲಿ ಕೂತು ತಿಂದು, ಬಾಯಿ ತೊಳ್ಕೊಂಡು ಹೋಗ್ತೀನಿ."

"ಫ್ರಾಕು ನಂದು ಸಾಬ್ರೆ" ಎಂದೆ. ಅವರು ತುತ್ತು ಕೆಳಗಿಟ್ಟರು. ಆದರೆ ನನ್ನ ತಲೆಯಲ್ಲಿ ಒಂದು ಮುಳ್ಳು ಕೂತಿತು. ನಾನು ಕೊಳ್ಳಿಸಿದ್ದು ಒಂದು ಫ್ರಾಕು. ಹಾಳೆಯಲ್ಲಿ ಎರಡು ಇತ್ತು.

ಎರಡನೆಯ ಓದಿನಲ್ಲೂ ಅದೇ ಕಥೆ. ಮೂರನೆಯ ಓದು ಬಂದಾಗ ನಾನು ಒಂದು ದಡ್ಡ ಕೆಲಸ ಮಾಡಿದೆ. ಹಾಳೆಯ ಸಂಖ್ಯೆಗಳು ಕಿವಿಗೆ ಬೀಳುತ್ತಿದ್ದ ಹಾಗೆಯೇ, ಹಿಂದಿನ ಎರಡು ಓದಿನಲ್ಲಿ ಕೇಳಿದವೇ ಆದ್ದರಿಂದ, ಇದು ತುಂಗಕ್ಕನದೆಂದು ಗೊತ್ತಾಯಿತು. ನನಗೆ ಬಂದದ್ದು ನಲವತ್ತೊಂಬತ್ತು. ಅದನ್ನು ಹೇಳಿದರೆ ಮತ್ತೆ ಪಟದ ನಡುವೆ, ಮತ್ತೆ ಅಷ್ಟೇ ಉಳಿಕೆ. ಬೇರೆಲ್ಲಾದರೂ ಸರಿದರೆ ತಾಳೆಯಾದೀತೇನೋ ಎಂಬ ಆಸೆಯಿಂದ ಎಂಬತ್ತೆಂಟು ಎಂದುಬಿಟ್ಟೆ. ತಾಳೆಯಾಗುವುದಿರಲಿ, ಉಳಿಕೆ ದುಪ್ಪಟ್ಟಾಯಿತು. ಬೈಗುಳ ಕೊನೆಯ ಬೆಂಚಿನಿಂದ ಎದ್ದು, ಪರದೆ ಹಾರಿ, ನಮ್ಮನ್ನು ದಾಟಿ ಮೊದಲ ಬೆಂಚಿನವರೆಗೂ ಹೋಯಿತು. ನನ್ನ ಒಂದು ಸುಳ್ಳಿಗೆ ಎಲ್ಲರೂ ತಮ್ಮ ತಪ್ಪೆಂದುಕೊಂಡು ಹಿಡಿಹಿಡಿ ಬೀಜ ಆಚೀಚೆ ಮಾಡಿದರು. ಅಲ್ಲಿಂದ ಮುಂದಿನ ಹಾಳೆಗಳೆಲ್ಲ ಎಕ್ಕುಟ್ಟಿಹೋದವು. ಒಂದು ವಾರ ಮೀನಿನ ಗಾಡಿ ಮಠದ ಅಯ್ಯನವರ ಬಾಗಿಲಿಗೆ ನಿಂತಿತು. ಮದುವೆಯಾಗದ ಹುಡುಗರ ಕೋಣೆಗೆ ಬಾಣಂತಿಯರ ಲೇಹ್ಯದ ಗಾಡಿ ಹೋಯಿತು. ರಾಯರು ಹಳೆಯ ಪಟ್ಟಿ ತೆಗೆದು, ಬೀಜಗಳನ್ನು ಎಣಿಸಿ ಮತ್ತೆ ಮೊದಲಿನಂತೆ ಇಡಿಸಬೇಕಾಯಿತು.

ಆಮೇಲೆ ನನ್ನನ್ನು ಕರೆದರು. "ಇಂದುಮತಿ, ನಿಮಗೆ ಬಂದ ಸಂಖ್ಯೆ ಎಂಬತ್ತೆಂಟಲ್ಲ ಅಂತ ನನಗೆ ಗೊತ್ತು. ಅಯ್ಯೋ ಅನ್ನಿಸೋದು ನಿಮಗೊಬ್ಬರಿಗೇ ಅಂದ್ಕೋಬೇಡಿ. ಆದ್ರೆ ಒಂದು ಮನೆ ಉಳಿಸೋಕೆ ಹೋಗಿ ಊರೆಲ್ಲ ಕೆಡಿಸಿದ್ರಲ್ಲ." ತಲೆ ತಗ್ಗಿಸಿದೆ. "ಶುಕ್ರವಾರ ಮಧ್ಯಾಹ್ನ ಬಣ್ಣ ಕೆರೆಸಬೇಕು. ಅಷ್ಟರೊಳಗೆ ಹಾಳೆ ತಿದ್ದಿಸ್ಕೊಂಡ್ರೆ ಆಯ್ತು. ಯಾವ ಸಾಮಾನು ಯಾರದೋ ಅವರೇ ಬಂದು ಕಿಟಕಿ ಹತ್ರ ನಂದು ಅಂತ ಹೇಳಿದ್ರೆ ಅವರ ಹಾಳೆಗೆ ಬರ್ಕೊಳ್ತೀನಿ. ನಿಯಮ ಇರೋದೇ ಹಾಗೆ" ಎಂದರು. ನಿಯಮ ಇದೆ, ನಿಜ. ಆದರೆ ಸಂಘದ ಕಿಟಕಿ ಇರುವುದು ನಡುಬೀದಿಗೆ. ಅಲ್ಲಿ ಆಡಿದ್ದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುತ್ತದೆ. ಅವತ್ತಿನವರೆಗೆ ಯಾರೂ ಹೋಗಿರಲಿಲ್ಲ.

ಗುರುವಾರ ತುಂಗಕ್ಕನ ಮನೆಗೆ ಹೋದೆ. ಅವಳು ಆಗಲೇ ಟ್ರಂಕಿನಲ್ಲಿ ಸೀರೆ ಜೋಡಿಸುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ.

"ಅಳಬೇಡ ಸುಮ್ನಿರು. ನಮ್ಮ ದೊಡ್ಡಮ್ಮನ ಮಗಳ ಊರಲ್ಲಿ ದರ್ಜಿಗಳು ಇರ್ತಾರೆ, ಹೆಂಗೋ ಆಗತ್ತೆ" ಎಂದಳು.

"ಎಲ್ಲಾರ ಹೆಸರೂ ರಾಯರಿಗೆ ಹೇಳ್ಬಿಡಿ ತುಂಗಕ್ಕ. ನೀವ್ಯಾಕೆ ಊರು ಬಿಡ್ಬೇಕು?"

"ನಾನು ಹೇಳೋದೇ? ನಂಬಿ ಬಂದೋರನ್ನ?" ಸೂಜಿಗೆ ದಾರ ಪೋಣಿಸುವಾಗಿನ ಹಾಗೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. "ನಿಂದನ್ನ ಯಾವತ್ತಾದ್ರೂ ಯಾರಿಗಾದ್ರೂ ಹೇಳಿದೀನಾ?"

"ಆ ಇನ್ನೊಂದು ಫ್ರಾಕು ಯಾರದು?"

"ಅದನ್ನ ಕೇಳಬೇಡ" ಎಂದವಳೇ ಟ್ರಂಕಿಗೆ ಬಗ್ಗಿದಳು.

ಶುಕ್ರವಾರ ಸಾಲುಮನೆಗೆ ರಜ, ಸಂಘದ ಕಿಟಕಿ ಮಾತ್ರ ತೆರೆದಿರುತ್ತದೆ. ಊಟವಾದ ಮೇಲೆ ಇವರು ಕೆರೆಯುವ ಉಳಿ, ಬಕೆಟ್ಟು, ಬಟ್ಟೆ ಎಲ್ಲ ತೆಗೆದುಕೊಂಡು ಜಗಲಿಯ ಮೇಲೆ ಕೂತರು. ಒಂದು ಗಂಟೆಯಾಯಿತು, ಕೂತೇ ಇದ್ದರು. ಎರಡಾಯಿತು.

"ಹೋಗಲಿಲ್ವಾ?" ಎಂದೆ.

"ಆ ಬಾಗಿಲ ಬಣ್ಣ ಇನ್ನೂ ಹಸಿ ಇದೆ. ಹಸಿ ಬಣ್ಣ ಕೆರೆದ್ರೆ ಮರ ಹಾಳಾಗತ್ತೆ" ಎಂದರು.

ಆ ಬಣ್ಣ ಬಳಿದು ಒಂಬತ್ತು ವರ್ಷವಾಗಿತ್ತು. ಬಳಿದವರೂ ಇವರೇ. ನಾನು ಪಕ್ಕದಲ್ಲಿ ಕೂತೆ. ಇವರು ಎದ್ದು ಹೊರಟರೆ ತುಂಗಕ್ಕ ಊರು ಬಿಡುತ್ತಾಳೆ. ತಡೆಯಬೇಕಾದರೆ ನಾನು ಕಿಟಕಿಗೆ ಹೋಗಬೇಕು. ಕಿಟಕಿಗೆ ಹೋಗುವ ಮೊದಲು ಇವರಿಗೆ ಹೇಳಬೇಕು. ಏಳು ವರ್ಷ ಹೇಳದ್ದನ್ನು ಹೇಳುವುದು ಹೇಗೆಂದು ನನಗೆ ಹೊಳೆಯಲಿಲ್ಲ, ಹಾಗಾಗಿ ಬಾಯಿಗೆ ಬಂದ ಹಾಗೆ ಹೇಳಿದೆ.

"ತುಂಗಕ್ಕನ ಹಾಳೇಲಿ ಎರಡು ಫ್ರಾಕಿದೆ. ಏಳು ವರ್ಷದ ಮಗೂದು. ಅದರಲ್ಲಿ ಒಂದು ನಂದು. ವರ್ಷಾ ವರ್ಷಾ ಕೊಳ್ಳಿಸ್ತಿದ್ದೆ. ನಿಮಗೆ ಸಂಕಟ ಆಗತ್ತೆ ಅಂತ ಹೇಳಲಿಲ್ಲ."

ಇವರು ಉಳಿಯನ್ನು ಬಕೆಟ್ಟಿನೊಳಗೆ ಹಾಕಿದರು. ಆಮೇಲೆ ಮತ್ತೆ ತೆಗೆದು ಬಟ್ಟೆಯಿಂದ ಒರೆಸಿದರು. ಒರೆಸಿ ಒರೆಸಿ ಅದನ್ನು ತೇಯ್ದೇಬಿಡುತ್ತಾರೇನೋ ಅನ್ನಿಸಿತು.

"ಇನ್ನೊಂದು ನಂದು" ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸಿಟ್ಟು ಬಂತು. "ಏಳು ವರ್ಷ ನೀವು ಅವಳನ್ನ ಮರೆತೇಬಿಟ್ರಿ ಅಂದ್ಕೊಂಡಿದ್ನಲ್ಲ! ಎಂಥಾ ಕಲ್ಲು ಮನಸ್ಸು ಅಂತ ಬೈಕೊಂಡಿದ್ನಲ್ಲ!"

"ನಾನೂ ಹಾಗೇ ಅಂದ್ಕೊಂಡಿದ್ದೆ, ನಿನ್ನನ್ನ" ಎಂದರು. "ಮನೆಗೆ ಬರೆಸಿದ್ರೆ ಗಂಟೆ ಬಾರಿಸ್ತಾನೆ. ನೀನು ಕಿವಿ ಮುಚ್ಕೊಂಡು ಕೂತಿದ್ದು ಕಣ್ಣಲ್ಲಿತ್ತು." ಹಾಡಹಗಲು ಬೀದಿಗೆ ಕಾಣುವ ಜಗಲಿಯ ಮೇಲೆ ನಾನು ಇವರ ಕೈ ಹಿಡಿದುಕೊಂಡು ಕೂತೆ. ಒಂದೇ ತಿಂಗಳು, ಒಂದೇ ಮನೆಯ ಬಾಗಿಲು, ಇಬ್ಬರೂ ಬೇರೆ ಬೇರೆ ದಿನ ಹೋಗಿ ಬಂದಿದ್ದೆವು. ತುಂಗಕ್ಕ ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಿರಲಿಲ್ಲ. ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಅವಳ ಮೇಲೂ ಒಂದು ಗಳಿಗೆ ಸಿಟ್ಟು ಬಂತು. ಹೇಳಿದ್ದರೆ ಅವಳು ತುಂಗಕ್ಕನೇ ಆಗುತ್ತಿರಲಿಲ್ಲ, ಅದೂ ನಿಜ.

ನಾಲ್ಕು ಗಂಟೆಗೆ ಕಿಟಕಿ ಮುಚ್ಚುತ್ತದೆ. ಬಕೆಟ್ಟನ್ನು ಅಲ್ಲೇ ಬಿಟ್ಟು ಇಬ್ಬರೂ ಬಿರಬಿರನೆ ನಡೆದೆವು. ದಾರಿಯಲ್ಲಿ ಖಾದರ್ ಸಾಬರ ಮನೆಯ ಮುಂದೆ ನಿಂತು ನಾನು, "ಸಾಬ್ರೆ, ನಾವು ಕಿಟಕಿಗೆ ಹೋಗ್ತಿದೀವಿ" ಎಂದು ಕೂಗಿದೆ. ಅವರು ಟೋಪಿ ಹುಡುಕುತ್ತ ಹೊರಗೆ ಬಂದರು. ಹಿಂದಿನಿಂದ ಮಗಳು, "ಎಲ್ಲಿಗೆ ಅಬ್ಬಾ?" ಎಂದಳು. "ಬೈಸಿಕೊಳ್ಳೋಕಮ್ಮ" ಎಂದರು.

ಕಿಟಕಿಯ ಹತ್ತಿರ ಏಳೆಂಟು ಜನ ಬೇರೆ ಕೆಲಸಕ್ಕೆ ನಿಂತಿದ್ದರು. ಇವರು ನನ್ನನ್ನು ಮುಂದೆ ಬಿಟ್ಟರು. "ತುಂಗಕ್ಕನ ಹಾಳೆಯ ಎರಡು ಫ್ರಾಕು ನಮ್ಮ ಮನೇದು" ಎಂದೆ. ಬೀದಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದೆ. ಹಿಂದೆ ಮಾತಾಡುತ್ತಿದ್ದವರು ನಮ್ಮ ಕಡೆ ತಿರುಗಿದರು. ನಮ್ಮ ಮನೆಯಲ್ಲಿ ಮಗುವಿಲ್ಲ ಎಂಬುದು ಊರಿಗೇ ಗೊತ್ತು. ರಾಯರು ತಲೆ ಎತ್ತದೆ ಬರೆದುಕೊಂಡರು.

"ಜಿಲೇಬಿ ನಂದು" ಎಂದು ಸಾಬರು ನನ್ನ ಭುಜದ ಮೇಲಿಂದ ಹೇಳಿದರು. ಯಾರೋ ಕಿಸಕ್ಕೆಂದರು. ಆಮೇಲೆ ಸಾಲಿನಲ್ಲಿದ್ದ ಪೋಸ್ಟಾಫೀಸಿನ ಹೆಂಗಸು, ಕನ್ನಡಕ ಹಾಕಿಕೊಂಡು ಯಾರನ್ನೂ ನೋಡದೆ ಸೀಲು ಒತ್ತುವ ಗಂಭೀರ ಹೆಂಗಸು, "ಗೆಜ್ಜೆ ನನ್ನದು. ನಲವತ್ತೆರಡಕ್ಕೆ ಕಲೀಬಾರದು ಅಂತ ಎಲ್ಲೂ ಬರೆದಿಲ್ವಲ್ಲ" ಎಂದರು. ಸುದ್ದಿ ಹೇಗೆ ಓಡಿತೋ, ಹತ್ತು ನಿಮಿಷಕ್ಕೆ ಇನ್ನೂ ಹದಿನೈದು ಜನ ಬಂದರು. ನಾಲ್ಕು ಹೊಡೆಯಿತು. ರಾಯರು ಕಿಟಕಿ ಮುಚ್ಚಲಿಲ್ಲ. ಎಲ್ಲ ಮುಗಿದು ಹಾಳೆಯಲ್ಲಿ ಒಂದೇ ಕಲಂ ಉಳಿಯಿತು, ಹನ್ನೆರಡು ಡಬ್ಬಿ ಕಪ್ಪು ಬಣ್ಣ. ಅರವತ್ತು ದಾಟಿದರೂ ಕಾಗೆಯಷ್ಟು ಕಪ್ಪಗಿದ್ದ ತಮ್ಮ ತಲೆಯನ್ನು ಒಮ್ಮೆ ಸವರಿಕೊಂಡು, ಅದನ್ನು ರಾಯರು ತಮ್ಮ ಮನೆಯ ಹಾಳೆಗೆ ತಾವೇ ಬರೆದುಕೊಂಡರು. ಯಾರೂ ನಗಲಿಲ್ಲ.

ತುಂಗಕ್ಕನ ಹಾಳೆಯನ್ನು ಮತ್ತೆ ಓದಿದಾಗ ಅದರಲ್ಲಿ ಅಕ್ಕಿ, ದಾರ, ಸೂಜಿ, ಒಂದಿಷ್ಟು ಕಾಫಿಪುಡಿ ಇಷ್ಟೇ ಇತ್ತು. ಪರದೆಯಾಚೆಯವರು ಒಂದೇ ಉಸಿರಿಗೆ ಬರೆದರು. ಬಾಗಿಲು ಬಿಳಿಯಿಂದ ಹಸಿರಾಯಿತು. ಇವರೇ ಬಳಿದರು, ಎರಡು ಕೋಟು ಜಾಸ್ತಿ. ಎಲ್ಲ ಗಾಡಿಗಳೂ ಈಗ ಅಲ್ಲಿ ನಿಲ್ಲುವುದಿಲ್ಲ, ಅವಳ ಕೈಯಲ್ಲಿ ಏನನ್ನೂ ಕೊಳ್ಳಿಸುವ ಹಾಗಿಲ್ಲ. "ಇನ್ಯಾರು ಬರ್ತಾರೆ ನನ್ನ ಮನೆಗೆ" ಎಂದು ಮೊದಲ ವಾರ ಕೊರಗಿದಳು. ಪೋಸ್ಟಾಫೀಸಿನ ಹೆಂಗಸು ಗೆಜ್ಜೆ ಕಟ್ಟಿಕೊಂಡು ತಾಳ ತಪ್ಪಿಸುವುದು ಈಗಲೂ ಅವಳ ಹಜಾರದಲ್ಲೇ.

ನಮ್ಮ ಬಾಗಿಲು ಹಳದಿಗೆ ತಿರುಗಿತು. ಎಂಟನೆಯ ವರ್ಷದ ತಿಂಗಳು ಬಂತು. ಒಂದು ಬೆಳಿಗ್ಗೆ ಮಕ್ಕಳ ಬಟ್ಟೆಗಾಡಿ ನಮ್ಮ ಮನೆ ಮುಂದೆ ನಿಂತಿತು. ಗಾಡಿಯವನು ಪರವೂರಿನಿಂದ ಹೊಸದಾಗಿ ಬಂದವನು, ಎಳೆ ಮೀಸೆ, ಭಾರಿ ಬಾಯಿ. ನಾನು ಹೊರಗೆ ಬಂದೆ. ಹಿತ್ತಲಲ್ಲಿದ್ದ ಇವರೂ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ನಿಂತರು.

ನಾನು ನೀಲಿ ಫ್ರಾಕನ್ನು ಎತ್ತಿದೆ. ಇವರು, "ನೀಲಿ ಯಾಕೆ? ಕೆಂಪಿರಲಿ, ಅವಳ ಮೈಬಣ್ಣಕ್ಕೆ ಕೆಂಪೇ ಚೆಂದ" ಎಂದರು. "ಏಳು ವರ್ಷವೂ ನಾನು ನೀಲಿಯೇ ತಗೊಂಡಿದ್ದು" ಎಂದೆ. "ಏಳು ವರ್ಷವೂ ನಾನು ಕೆಂಪೇ ತಗೊಂಡಿದ್ದು" ಎಂದರು. "ನಿಮಗೇನು ಗೊತ್ತು ಬಟ್ಟೆ ವಿಷಯ?" "ಬಣ್ಣದ ವಿಷಯ ನನಗಲ್ದೆ ಇನ್ಯಾರಿಗೆ ಗೊತ್ತೇ?" ಬೀದಿಯಲ್ಲಿ ನಿಂತು ನಾವು ಕೈ ಆಡಿಸಿಕೊಂಡು, ಗಂಟಲೇರಿಸಿ ಜಗಳವಾಡಿದೆವು. ಎದುರುಮನೆಯವರು ಕಿಟಕಿ ತೆಗೆದು ನೋಡಿದರು. ಎಷ್ಟು ವರ್ಷವಾಗಿತ್ತು ಹೀಗೆ ಜಗಳವಾಡಿ! ನನಗೆ ಖುಷಿಯಾಗುತ್ತಿತ್ತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಗಾಡಿಯವನಿಗೆ ಬೇಜಾರು ಬಂತು. "ನೀವಿಬ್ರು ಹೀಗೇ ಕಚ್ಚಾಡ್ತಿದ್ರೆ ಆಯ್ತು ಬಿಡಿ. ಮಗೂನೇ ಕರೀರಿ, ಮೈಗೆ ಹಿಡಿದು ನೋಡೋಣ."

ಇವರು ನನ್ನ ಮುಖ ನೋಡಿದರು. "ಅವಳಿಲ್ಲಪ್ಪ" ಎಂದೆ. "ಹೋಗಿ ಏಳು ವರ್ಷ ಆಯ್ತು. ಇದ್ದಿದ್ರೆ ಈ ತಿಂಗಳು ಎಂಟು ತುಂಬ್ತಿತ್ತು. ವಾರಿಜ ಅಂತ ಹೆಸರು."

ಅವನು ಗಾಡಿಯೊಳಗೆ ಕೈಯಾಡಿಸಿದ. ಕೆಂಪಿನ ಮೇಲೆ ಸಣ್ಣ ನೀಲಿ ಹೂವಿದ್ದ ಒಂದು ಫ್ರಾಕನ್ನು ಕೆಳಗಿನಿಂದ ಎಳೆದು ತೆಗೆದು, ಮಡಿಕೆ ಬಿಚ್ಚಿ ನಮ್ಮಿಬ್ಬರ ನಡುವೆ ಹಿಡಿದ.

"ಇದು ಒಂಬತ್ತರ ಅಳತೆ" ಎಂದ. "ಒಂದು ಚೂರು ಉದ್ದದ್ದೇ ತಗೊಳ್ಳಿ ಅಮ್ಮ. ಬೆಳೆಯೋ ವಯಸ್ಸು."